ಪಂಕ್ತಿಯೂ ಪಡಿಯೂ: ಬೆಂಗಳೂರು ಸೀಮೆಯ ದಾಸೋಹದ ಉಗ್ರಾಣವನ್ನು ಕುರಿತು

ಶ್ರೀಮಠದ ಮಹೋತ್ಸವದ ಸ್ಮರಣ ಸಂಪುಟಕ್ಕೆ ದಾಸೋಹದ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಈ ವಿಷಯದಲ್ಲಿ ಬರೆಯಲು ಹೊಸದೇನು ಉಳಿದಿರುವುದೆಂಬ ಸಂಕೋಚವು ನನಗೆ ಮೊದಲು ಉಂಟಾಯಿತು. ಅನ್ನದಾನದ ಮಹಿಮೆಯನ್ನು ನಮ್ಮ ಪೂರ್ವಿಕರು ಹೇಳಿರುವರು; ಜಾತ್ರೆಗಳಲ್ಲಿ ಉಂಡವರ ಲೆಕ್ಕವನ್ನು ಪ್ರತಿ ಸಂಪುಟದಲ್ಲಿಯೂ ಅಚ್ಚು ಹಾಕಿಸಿರುವರು. ಅದನ್ನೇ ಮತ್ತೆ ಬರೆಯುವುದು ಪಿಷ್ಟಪೇಷಣವಾದೀತು. ಆದರೆ ಬನ್ನೇರುಘಟ್ಟದ ರಸ್ತೆಯಲ್ಲಿರುವ ಹುಳಿಮಾವಿನಲ್ಲಿ ನೆಲಸಿರುವ ನಮ್ಮ ಮಠದ ಭಕ್ತೆಯೊಬ್ಬರು, ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತರಾದವರು, ಒಂದು ದಿನ ಪ್ರಸಾದವನ್ನು ಸ್ವೀಕರಿಸಿ ಹೊರಡುವಾಗ ನನ್ನನ್ನು ಕೇಳಿದ ಮಾತು ಮನಸ್ಸಿನಲ್ಲಿ ನಿಂತುಬಿಟ್ಟಿತು. "ಶಾಸ್ತ್ರಿಗಳೇ, ಜಾತ್ರೆಯ ದಿನ ಬಂದವರಿಗೆಲ್ಲ ಇಲ್ಲಿ ಪಂಕ್ತಿ ಹಾಕುತ್ತೀರಿ. ನಮ್ಮ ಮನೆಯ ಹಿಂದಿನ ತಗಡಿನ ಮನೆಗಳಲ್ಲಿ ಇರುವವರು ಇಷ್ಟು ದೂರ ಬಂದು ಉಣ್ಣುವುದೆಂತು? ಅವರ ಮಕ್ಕಳು ವರ್ಷವೆಲ್ಲ ಬರಿಯ ಅನ್ನ, ತಿಳಿಸಾರು ಉಂಡು ಬೆಳೆಯುತ್ತಿರುವರಲ್ಲ, ಅವರ ಒಲೆಯ ಪಾಲಿಗೆ ಮಠದ ಉಗ್ರಾಣದಲ್ಲಿ ಏನಾದರೂ ಉಂಟೆ?" ಎಂದರು. ನಾನು ಆಗ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವು ಆ ತಾಯಿಯವರಿಗೆ ತಡವಾಗಿ ಕೊಡುವ ಉತ್ತರವೆಂದು ವಾಚಕ ಮಹಾಶಯರು ಭಾವಿಸಬಹುದು.

ದಾಸೋಹಕ್ಕೆ ಎರಡು ಕೈಗಳುಂಟು. ಒಂದು ಪಂಕ್ತಿ, ಎಂದರೆ ಬೇಯಿಸಿದ ಅನ್ನವನ್ನು ಸಾಲಾಗಿ ಕುಳ್ಳಿರಿಸಿ ಬಡಿಸುವುದು. ಮತ್ತೊಂದು ಪಡಿ, ಎಂದರೆ ಬೇಯಿಸದ ಧಾನ್ಯವನ್ನು, ಬೇಳೆಯನ್ನು, ಉಪ್ಪು ಮೆಣಸಿನಕಾಯಿಗಳನ್ನು ಅಳೆದುಕೊಟ್ಟು ಅವರವರ ಮನೆಯ ಒಲೆಯಲ್ಲಿ ಅವರವರೇ ಬೇಯಿಸಿಕೊಳ್ಳುವಂತೆ ಮಾಡುವುದು. ಪಡಿಯೆಂಬುದು ಅಳತೆಯ ಹೆಸರೂ ಹೌದು, ದಿನದ ಪಾಲಿನ ಹೆಸರೂ ಹೌದು. ಮೈಸೂರು ಸಂಸ್ಥಾನದ ಮುಜರಾಯಿ ದಫ್ತರಗಳಲ್ಲಿ ದೇವಾಲಯದ ನಿತ್ಯ ನೈವೇದ್ಯಕ್ಕೆ ಗೊತ್ತುಮಾಡಿದ ಸಾಮಗ್ರಿಯನ್ನು 'ಪಡಿತರ'ವೆಂದು ಬರೆಯುತ್ತಿದ್ದರು. ಇಂದು ಬಡವನ ಕೈಯಲ್ಲಿರುವ ಚೀಟಿಗೆ ಅದೇ ಹೆಸರು ಬಂದಿರುವುದು. ದೇವರ ಪಾಲಿಗಿದ್ದ ಶಬ್ದವು ದರಿದ್ರನ ಪಾಲಿಗೆ ಇಳಿದು ಬಂದುದನ್ನು ಕೆಲವರು ಶಬ್ದದ ಪತನವೆಂದಾರು. ಶರಣ ಧರ್ಮದಲ್ಲಿ ಹುಟ್ಟಿದವರಿಗೆ ಅದು ಏರಿಕೆಯಾಗಿಯೇ ತೋರಬೇಕು.

ಮೊದಲು ಕಲ್ಯಾಣದ ಮಾತು. ಹನ್ನೆರಡನೆಯ ಶತಮಾನದಲ್ಲಿ ಬಸವೇಶ್ವರರ ಮಹಾಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯವೂ ದಾಸೋಹ ನಡೆಯುತ್ತಿತ್ತೆಂದು ಪುರಾಣಗಳು ಹೇಳುವುವು. ಆ ಸಂಖ್ಯೆಯನ್ನು ಚರಿತ್ರಕಾರನು ಅಕ್ಷರಶಃ ತೆಗೆದುಕೊಳ್ಳಬೇಕಾದುದಿಲ್ಲ. ನನ್ನ ಅಲ್ಪಮತಿಗೆ, ಆ ಮಹಾಪಂಕ್ತಿಗಿಂತಲೂ ಅದರ ಅಂಗಳದಲ್ಲಿ ನಡೆದ ಒಂದು ಚಿಕ್ಕ ಸಂಗತಿಯೇ ಹೆಚ್ಚು ಬೋಧಪ್ರದವಾಗಿರುವುದು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿಹೋದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದರು. ಆಯ್ದಕ್ಕಿ ಮಾರಯ್ಯನೆಂಬ ಹೆಸರು ಬಂದುದು ಅದರಿಂದಲೇ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಬಸವೇಶ್ವರರೇ ಪರೀಕ್ಷೆಗಾಗಿ ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವವರುಂಟು. ಪತ್ನಿ ಲಕ್ಕಮ್ಮನವರು ಆ ಹೆಚ್ಚಳವನ್ನು ಕಂಡು ಸಂತೋಷಪಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಇರಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ಹೇಳಿದರು. ಹೀಗೆ ಆಯ್ದು ತಂದ ಆ ಸ್ವಲ್ಪ ಅಕ್ಕಿಯಲ್ಲಿಯೇ ಈ ದಂಪತಿಗಳು ಜಂಗಮ ದಾಸೋಹವನ್ನು ನಡೆಸಿದರು.

ಈ ಕಥೆಯನ್ನು ಲಕ್ಕಮ್ಮನವರ ನಿರಾಶೆಯನ್ನು ಹೊಗಳುವುದಕ್ಕಾಗಿ ನಾವು ಪ್ರತಿ ವರ್ಷವೂ ಹೇಳುವೆವು. ಆದರೆ ಅದರ ಇನ್ನೊಂದು ಮುಖವನ್ನು ಕಡಮೆ ಜನರು ಗಮನಿಸುವರು. ಆ ದಂಪತಿಗಳು ಮಹಾಮನೆಯ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದಾಗಿತ್ತು, ಉಣ್ಣಲಿಲ್ಲ. ತಮ್ಮ ಮನೆಯ ಒಲೆಯನ್ನು ಹೊತ್ತಿಸಿ, ತಾವೂ ಉಂಡು, ಮತ್ತೊಬ್ಬರಿಗೂ ಇಕ್ಕಿದರು. ಪಡೆದವರು ಇಕ್ಕುವವರಾಗಬೇಕಾದರೆ ಧಾನ್ಯವು ಮನೆಗೆ ಬರಬೇಕು. 'ದಾಸೋಹಂ' ಎಂದರೆ ನಾನು ದಾಸನೆಂಬ ಅರ್ಥ; ಕೊಡುವವನು ತಗ್ಗಿ ನಿಲ್ಲಬೇಕೆಂಬುದೇ ಆ ಶಬ್ದದ ಸಾರ. ದಾನ ಶಬ್ದದಲ್ಲಿ ಈ ತಗ್ಗುವಿಕೆ ಇಲ್ಲ.

ಕಲ್ಯಾಣದ ಅನಂತರ ದಾಸೋಹದ ಭಾರವು ಮಠಗಳ ಮೇಲೆ ಬಿದ್ದಿತು. ಮಠದ ಉಗ್ರಾಣ ತುಂಬುತ್ತಿದ್ದ ಬಗೆ ಎಲ್ಲರಿಗೂ ತಿಳಿದುದೇ: ಜೋಳಿಗೆ, ಕೋರಾನ್ನ ಭಿಕ್ಷೆ, ಸುಗ್ಗಿಯಲ್ಲಿ ಭಕ್ತರ ಕಣದಿಂದ ಬರುತ್ತಿದ್ದ ರಾಗಿ, ಉಂಬಳಿಯ ಭೂಮಿಯ ಹುಟ್ಟುವಳಿ. ಈ ಕ್ರಮವು ಕಣ್ಣೆದುರಿಗೆ ಅತ್ಯಂತ ವೈಭವದಿಂದ ಬೆಳೆದು ನಿಂತುದನ್ನು ತುಮಕೂರಿನ ಸಿದ್ಧಗಂಗೆಯಲ್ಲಿ ನೋಡಬಹುದು. ಅಟವೀ ಸ್ವಾಮಿಗಳು ಹೊತ್ತಿಸಿದ ಒಲೆಯು ಇಂದಿಗೂ ಆರಿಲ್ಲವೆಂಬ ನಂಬಿಕೆ ಅಲ್ಲಿಯ ಭಕ್ತರದು. ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1930ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1941ರಲ್ಲಿ ಮಠದ ಅಧಿಕಾರವನ್ನು ವಹಿಸಿಕೊಂಡು, 2019ನೆಯ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇಕ್ಕಿದರು. ಅವರು ಲಿಂಗೈಕ್ಯರಾದ ದಿನವನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಆಚರಿಸತೊಡಗಿರುವುದು ಯುಕ್ತವೇ ಆಗಿದೆ. ಹಳ್ಳಿಗಳಲ್ಲಿ ಭಿಕ್ಷೆಗೆ ಹೋದಾಗ ಅವರಿಗೆ ಬಂದುದು ಮುಖ್ಯವಾಗಿ ರಾಗಿ. ಆ ಮಕ್ಕಳು ಬೆಳೆದುದು ಮುದ್ದೆಯಿಂದ.

ಪಡಿಯ ಪದ್ಧತಿಯನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಕಾರಣ ಸ್ಪಷ್ಟವೇ ಇದೆ. ಪಂಕ್ತಿಯು ಎಲ್ಲರಿಗೂ ಕಾಣುವುದು. ಪಡಿಯು ಹಿತ್ತಿಲ ಬಾಗಿಲಿನಿಂದ ಹೋಗುವುದು. ನಾನು ಹುಡುಗನಾಗಿ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಸಂಜೆಯ ಪೂಜೆಗೆ ಮುಂಚೆ ಉಗ್ರಾಣದ ಹಿಂಬಾಗಿಲಿಗೆ ಒಬ್ಬ ವಿಧವೆಯು ಬರುತ್ತಿದ್ದುದುಂಟು. ಉಗ್ರಾಣಿಕರು ಸೇರಿನಲ್ಲಿ ರಾಗಿಯನ್ನೂ ಪಾವಿನಲ್ಲಿ ಬೇಳೆಯನ್ನೂ ಅಳೆದು, ಸೇರಿನ ಬಾಯಿ ಮುಚ್ಚುವಂತೆ ಒಂದು ಹಿಡಿಯನ್ನು ಮೇಲೆ ಹಾಕಿ, ಆಕೆಯ ಚೀಲಕ್ಕೆ ಸುರಿಯುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಅವರಿಗೆ ಆಕೆಯ ಮೇಲೆ ಕೋಪವಿರಬೇಕೆಂದು ನಾವು ಹುಡುಗರು ತಿಳಿದಿದ್ದೆವು. ಕಾರಣವನ್ನು ನಾನು ಕೇಳಿದಾಗ ಅವರು ಹೇಳಿದುದು ಇಷ್ಟೇ: "ಇಸಕೊಳ್ಳೋರ ಮುಖ ನೋಡಬಾರದಪ್ಪ." ಪುಸ್ತಕದಲ್ಲಿ ಆ ಪಡಿಗೆ ಹೆಸರಿನ ಲೆಕ್ಕವಿರಲಿಲ್ಲ, 'ಹಿಂಬಾಗಿಲು' ಎಂಬ ಒಂದು ಬಾಬಿನ ಕೆಳಗೆ ತಿಂಗಳಿನ ಮೊತ್ತವನ್ನು ಮಾತ್ರ ಬರೆಯುತ್ತಿದ್ದರು.

ಇನ್ನು ಹುಳಿಮಾವಿನ ಸೀಮೆಗೆ ಬರೋಣ. ಈ ಊರು ಬೇಗೂರು ಹೋಬಳಿಗೆ ಸೇರಿದುದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ವೀರಗಲ್ಲಿನ ಶಾಸನದಲ್ಲಿಯೇ ಬೆಂಗಳೂರೆಂಬ ಹೆಸರು ಕಾಣಬರುವುದು. ಆದುದರಿಂದ ನಗರವು ಈ ಹಳ್ಳಿಗಳನ್ನು ನುಂಗಿತೆಂದು ಹೇಳುವುದಕ್ಕಿಂತ, ನಗರದ ಹೆಸರು ಈ ಹಳ್ಳಿಗಳ ನಡುವಿನಿಂದಲೇ ಎದ್ದಿತೆಂದು ಹೇಳುವುದು ಸರಿ. ಹುಳಿಮಾವಿನಲ್ಲಿ ಬಂಡೆಯ ಒಳಗಿರುವ ರಾಮಲಿಂಗೇಶ್ವರನ ಗುಹಾಲಯವೂ ದೊಡ್ಡದೊಂದು ಕೆರೆಯೂ ಉಂಟು. ಹಿಂದೆ ಈ ಕೆಂಪು ನೆಲದ ಬೆಳೆ ರಾಗಿ. ಅದರ ಸಾಲುಗಳ ನಡುವೆ ಅವರೆ, ಹುಚ್ಚೆಳ್ಳು, ತೊಗರಿ. ಹೊಲದ ಬದುವಿನಲ್ಲಿ ಬಿತ್ತದೆಯೇ ಬೆಳೆಯುವ ಬೆರಕೆ ಸೊಪ್ಪು. ಒಂದೇ ಹೊಲದಿಂದ ಮುದ್ದೆ, ಹುಳಿ, ಎಣ್ಣೆ, ಬಸ್ಸಾರು ಎಲ್ಲವೂ ಬರುತ್ತಿದ್ದುವು. ರಾಗಿಯನ್ನು ಹಗೇವಿನಲ್ಲಿ ಹಾಕಿ ಮುಚ್ಚಿದರೆ ಅನೇಕ ವರ್ಷಗಳವರೆಗೆ ಹುಳು ಹಿಡಿಯದೆ ಉಳಿಯುತ್ತಿತ್ತು. ಊರಿನ ಹಗೇವೇ ಊರಿನ ಆಪದ್ಧನ. ರಾಗಿಯ ಗುಣವನ್ನು ಇಂದಿನ ಆಹಾರಶಾಸ್ತ್ರಜ್ಞರೂ ಒಪ್ಪುವರು: ನೂರು ಗ್ರಾಮು ರಾಗಿಯಲ್ಲಿ ಸುಮಾರು 344 ಮಿಲಿಗ್ರಾಮು ಸುಣ್ಣದಂಶವಿದ್ದರೆ, ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಮಿನ ಆಸುಪಾಸು.

ಆ ಹಗೇವುಗಳೂ ಬರಿದಾದ ಕಾಲವೊಂದು ಬಂದಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವು ಕಂಡ ಬರವನ್ನು ನಮ್ಮ ಅಜ್ಜಂದಿರ ಅಜ್ಜಂದಿರು 'ದೊಡ್ಡ ಬರ'ವೆಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಪ್ರಜೆಗಳು 50,55,412. 1881ರಲ್ಲಿ ಎಣಿಸಿದಾಗ ಉಳಿದವರು 41,86,188. ಈ ಎರಡು ಅಂಕಿಗಳ ನಡುವೆ ಬಿದ್ದುಹೋದವರ ಕಥೆಯನ್ನು ಹೇಳಲು ಬೇರೆ ಗ್ರಂಥವೇ ಬೇಕು. ಸರ್ಕಾರದವರು ಗಂಜಿಮನೆಗಳನ್ನು ತೆರೆದರು. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯನ್ನು ಹಾಕುವ ಕೆಲಸವನ್ನು ಕ್ಷಾಮಪರಿಹಾರಕ್ಕಾಗಿಯೇ ಆರಂಭಿಸಿದರು. ಇಂದು ಆ ದಾರಿಯಲ್ಲಿ ಸುಖವಾಗಿ ಪಯಣಿಸುವವರು ಅದರ ಮಣ್ಣನ್ನು ಹೊತ್ತವರು ಯಾರೆಂಬುದನ್ನು ಒಮ್ಮೆ ನೆನೆಯಬಹುದು.

ಈ ಬರದ ಕಾಲದಲ್ಲಿ ನೆರೆಯ ಮದರಾಸು ಆಧಿಪತ್ಯದಲ್ಲಿ ನಡೆದ ಒಂದು ವಾದವು ನಮ್ಮ ವಿಷಯಕ್ಕೆ ಬಹಳ ಸಮೀಪವಾದುದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವೆನು. 1877ರ ಆರಂಭದಲ್ಲಿ ಇಂಡಿಯಾ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬವರು, ಪರಿಹಾರದ ಕೆಲಸದಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಮೇಲೊಂದು ಆಣೆಯೂ ಸಾಕೆಂದು ಗೊತ್ತುಮಾಡಿದರು. ಈಗಿನ ತೂಕದಲ್ಲಿ ಆ ಧಾನ್ಯವು ಅರ್ಧ ಕಿಲೋಗ್ರಾಮಿಗಿಂತ ಕಡಮೆ. ಅಲ್ಲಿಯ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬವರು ಇದನ್ನು ಬಲವಾಗಿ ವಿರೋಧಿಸಿದರು. ಧಾನ್ಯದ ಪರಿಮಾಣವು ಸಾಲದೆಂಬುದು ಅವರ ಒಂದು ಆಕ್ಷೇಪ. ಬರಿಯ ಧಾನ್ಯದಿಂದ ಮನುಷ್ಯನ ಮಾಂಸಖಂಡಗಳು ನಿಲ್ಲಲಾರವು, ಬೇಳೆಯೂ ತರಕಾರಿಯೂ ಬೇಕೆಂಬುದು ಮತ್ತೊಂದು. ಅದೇ ವರ್ಷದಲ್ಲಿ ಸರ್ಕಾರವು ಕೂಲಿಯನ್ನು ಏರಿಸಬೇಕಾಯಿತು. ಹೊಟ್ಟೆ ತುಂಬುವುದು ಬೇರೆ, ದೇಹ ಪೋಷಣೆಯಾಗುವುದು ಬೇರೆ ಎಂಬ ಸತ್ಯವು ನಮ್ಮ ನೆರೆಯಲ್ಲಿ ದಫ್ತರದ ಕಾಗದವನ್ನೇರಿದುದು ಹೀಗೆ, ಅಸಂಖ್ಯ ಹೆಣಗಳು ಬಿದ್ದ ಬಳಿಕ.

ಗಂಜಿಮನೆಗಳಿಗೆ ಅನೇಕರು ಹೋಗಲಿಲ್ಲ. ಜಾತಿಯ ಭಯವು ಒಂದು ಕಾರಣ. ಅದನ್ನು ಶರಣರ ಸಂತತಿಯವರಾದ ನಾವು ಸಮರ್ಥಿಸಲಾಗದು. ಆದರೆ ಮಾನದ ಭಯವೂ ಇದ್ದಿತು. ನಿನ್ನೆಯವರೆಗೆ ಹತ್ತು ಜನಕ್ಕೆ ಇಕ್ಕಿದ ಒಕ್ಕಲಿನ ಹೆಂಗಸು ತಟ್ಟೆ ಹಿಡಿದು ಬಯಲಿನಲ್ಲಿ ಸಾಲು ನಿಲ್ಲಲಾರಳು. ಆಮೇಲೆ ಬಂದ 1880ರ ಕ್ಷಾಮ ಆಯೋಗವೂ 1883ರ ಕ್ಷಾಮ ಸಂಹಿತೆಯೂ ಹೊರಗೆ ಬರಲಾಗದವರಿಗೆ ಅವರ ಊರಿನಲ್ಲಿ, ಮನೆಯಲ್ಲಿಯೇ ನೆರವನ್ನು ಮುಟ್ಟಿಸುವ ಕ್ರಮವನ್ನು ಒಪ್ಪಿಕೊಂಡುವು. ಇಂಗ್ಲಿಷರು ಲಕ್ಷಾಂತರ ಜನರ ಸಾವಿನಿಂದ ಕಲಿತುದನ್ನು ಮಠದ ಹಿಂಬಾಗಿಲು ಬಲ್ಲುದಾಗಿತ್ತು.

ಬರದ ನಂತರದ ತಲೆಮಾರಿನಲ್ಲಿ ಬೆಂಗಳೂರಿನ ಧರ್ಮಕಾರ್ಯಗಳು ಹೆಚ್ಚಾಗಿ ಛತ್ರಗಳ, ವಿದ್ಯಾರ್ಥಿನಿಲಯಗಳ ರೂಪವನ್ನು ತಾಳಿದುವು. ನಮ್ಮ ಸಮಾಜದ ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು (1838–1910) ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರವು 1903ರಲ್ಲಿ ತೆರೆಯಿತು. ಇವರ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ಚರಿತ್ರೆಯನ್ನು ಬರೆಯುವವನು ಇಷ್ಟನ್ನು ಹೇಳಲೇಬೇಕು: ಛತ್ರವು ಪ್ರಯಾಣಿಕನಿಗೆ, ನಿಲಯವು ವಿದ್ಯಾರ್ಥಿಗೆ. ಕೂಲಿ ಮಾಡಿ ಸಂಜೆಗೆ ಮನೆಗೆ ಬಂದು ಮೂರು ಮಕ್ಕಳಿಗೆ ಅಡಿಗೆ ಮಾಡಬೇಕಾದ ತಾಯಿಯು ಈ ಎರಡರ ಬಾಗಿಲಿಗೂ ಸೇರಿದವಳಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಕಡಮೆಯಾಗಿ ನಗರಕ್ಕೆ ಪಡಿತರ ಪದ್ಧತಿ ಬಂದಿತು. ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮಿನವರು ಆಗ ಅಕ್ಕಿಗೆ ಬದಲಾಗಿ ರವೆಯಿಂದ ಇಡ್ಡಲಿಯನ್ನು ಮಾಡಿದರೆಂದು ಹೇಳಿಕೊಳ್ಳುವರು. ಬರಗಾಲದ ಉಪಾಯವು ಅನಂತರ ರಸಿಕರ ಭಕ್ಷ್ಯವಾದುದು ವಿನೋದವೇ ಸರಿ. ಸ್ವಾತಂತ್ರ್ಯ ಬಂದ ಮೇಲೆ ಆಹಾರದ ಚಿಂತೆಯು ವಿಜ್ಞಾನಿಗಳ ಕೈಗೂ ಬಂದಿತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟನ್ನು ಕೂಡಿಸಿ, ಬಡಮಕ್ಕಳ ಪೋಷಣೆಗಾಗಿ ಒಂದು ಆಹಾರವನ್ನು ಸಿದ್ಧಪಡಿಸಿದರು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಹೊರತಂದು ರಾಗಿಯ ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದರು. ಆದರೆ ನ್ಯಾಯಬೆಲೆಯ ಅಂಗಡಿಗೆ ಬಂದುದು ಬಹುಮಟ್ಟಿಗೆ ಅಕ್ಕಿ, ಗೋಧಿ, ಸಕ್ಕರೆ, ಸೀಮೆಎಣ್ಣೆ. ಬಿಳಿಯ ಅನ್ನವು ಗೌರವದ ಗುರುತಾಯಿತು. ಮುದ್ದೆಯು ಹಿಂದಿನ ಸಾಲಿಗೆ ಸರಿಯಿತು. ಈ ತಪ್ಪಿನಲ್ಲಿ ನಮ್ಮ ಜಾತ್ರೆಗಳಿಗೂ ಪಾಲುಂಟು.

ಈ ಶತಮಾನದ ಆರಂಭದಲ್ಲಿ ಒಂದು ಹೊಸ ಅಧ್ಯಾಯವು ತೆರೆಯಿತು. 2000ದಲ್ಲಿ ಬೆಂಗಳೂರಿನ ಇಸ್ಕಾನಿನವರು ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಅಕ್ಷಯಪಾತ್ರೆಯೆಂಬ ಹೆಸರಿನಲ್ಲಿ ಮಧ್ಯಾಹ್ನದ ಊಟವನ್ನು ಕೊಡಲು ತೊಡಗಿದರು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟಕ್ಕೆ ಸರ್ಕಾರವು ಇಟ್ಟ ಹೆಸರು 'ಅಕ್ಷರ ದಾಸೋಹ'. ಕಲ್ಯಾಣದ ಶಬ್ದವು ಸರ್ಕಾರದ ಆಯವ್ಯಯದ ಪುಸ್ತಕವನ್ನು ಹೊಕ್ಕಿತು. 2013ರಲ್ಲಿ ಅನ್ನಭಾಗ್ಯ, ಮಕ್ಕಳಿಗೆ ಹಾಲನ್ನು ಕೊಡುವ ಕ್ಷೀರಭಾಗ್ಯ, ಕೇಂದ್ರದ ಆಹಾರ ಭದ್ರತಾ ಕಾನೂನು, ಮೂರೂ ಬಂದುವು. 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಮೊದಲ ಇಂದಿರಾ ಕ್ಯಾಂಟೀನು ತೆರೆದು, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಸಿಗುವಂತಾಯಿತು. ಇವೆಲ್ಲವೂ ಶ್ಲಾಘ್ಯವಾದುವು. ಪಂಕ್ತಿಯ ಕೈಯು ನಗರದಲ್ಲಿ ಇಷ್ಟು ಬಲವಾಗಿ ಹಿಂದೆಂದೂ ಇರಲಿಲ್ಲ.

ಪಡಿಯ ಕೈಯು ಎಷ್ಟು ದುರ್ಬಲವಾಗಿರುವುದೆಂಬುದು ಬೆಳಕಿಗೆ ಬಂದುದು ಎರಡು ವಿಪತ್ತುಗಳಲ್ಲಿ. ಮೊದಲನೆಯದು ಹುಳಿಮಾವಿನದೇ. 2019ರ ನವೆಂಬರ್ 24, ಭಾನುವಾರ, ಹುಳಿಮಾವಿನ ಕೆರೆಯ ಏರಿ ಒಡೆದು ನೀರು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಹಲವು ನೂರು ಮನೆಗಳು ನೀರಿನಲ್ಲಿ ನಿಂತುವು. ಇಂಥ ಸಮಯದಲ್ಲಿ ಬೇಯಿಸಿದ ಅನ್ನದ ಪೊಟ್ಟಣಗಳನ್ನು ತಂದು ಹಂಚುವವರಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಆದರೆ ನೀರು ನುಗ್ಗಿದ ಬಡಮನೆಯಲ್ಲಿ ಮೊದಲು ಹಾಳಾಗುವುದು ನೆಲದ ಮೇಲೆ ಇಟ್ಟ ತಿಂಗಳ ಅಕ್ಕಿಯ ಚೀಲ. ಪೊಟ್ಟಣಗಳು ಬರುವುದು ನಾಲ್ಕು ದಿನ; ಆ ಚೀಲವು ಮತ್ತೆ ತುಂಬುವುದು ಮುಂದಿನ ತಿಂಗಳು.

ಎರಡನೆಯದು ಲೋಕವೆಲ್ಲಾ ಕಂಡುದು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿದಾಗ ಬನ್ನೇರುಘಟ್ಟದ ರಸ್ತೆಯ ಎಡಬಲಗಳಲ್ಲಿ ಕಟ್ಟಡದ ಕೆಲಸ ನಿಂತಿತು, ಮನೆಗೆಲಸದವರನ್ನು ಬರಬೇಡವೆಂದರು. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ದುಡಿಯಲು ಬಂದ ಕುಟುಂಬಗಳಲ್ಲಿ ಎಷ್ಟೋ ಜನರ ಪಡಿತರ ಚೀಟಿ ಊರಿನಲ್ಲಿ, ಹಸಿವು ಇಲ್ಲಿ. ಒಂದು ಚೀಟಿಯಿಂದ ದೇಶದ ಯಾವ ಅಂಗಡಿಯಲ್ಲಾದರೂ ಪಡಿ ಪಡೆಯಬಹುದೆಂಬ ಕ್ರಮಕ್ಕೆ ನಮ್ಮ ರಾಜ್ಯವು ಆ ವರ್ಷದ ಜನವರಿಯಲ್ಲಿಯೇ ಸೇರಿತ್ತಾದರೂ, ಅದು ಕೂಲಿಯವನ ಕಿವಿಗೆ ಮುಟ್ಟಲು ಕಾಲ ಬೇಕಾಯಿತು. ಆ ದಿನಗಳಲ್ಲಿ ಸರ್ಕಾರವು ಹಾಲು ಮಹಾಮಂಡಲದ ಹಾಲನ್ನು ಕೊಂಡು ಕೊಳೆಗೇರಿಗಳಲ್ಲಿ ಪುಕ್ಕಟೆಯಾಗಿ ಹಂಚಿತು. ಕೇಂದ್ರದವರು ತಲೆಗೆ ಐದು ಕಿಲೋಗ್ರಾಮು ಧಾನ್ಯವನ್ನೂ ಕುಟುಂಬಕ್ಕೆ ಒಂದು ಕಿಲೋಗ್ರಾಮು ಬೇಳೆಯನ್ನೂ ಹೆಚ್ಚಾಗಿ ಕೊಟ್ಟರು. ಅಕ್ಷಯಪಾತ್ರೆಯವರೂ, ಹಲವು ಮಠಗಳೂ, ಮಸೀದಿ ಚರ್ಚುಗಳೂ, ಹೆಸರಿಲ್ಲದ ಯುವಕರ ಗುಂಪುಗಳೂ ಅಕ್ಕಿ, ಬೇಳೆ, ಎಣ್ಣೆ, ಉಪ್ಪುಗಳ ಗಂಟನ್ನು ಕಟ್ಟಿ ಮನೆಮನೆಗೆ ಮುಟ್ಟಿಸಿದರು. ಜನರು ಅದನ್ನು 'ಕಿಟ್' ಎಂದು ಕರೆದರು. ಹೆಸರು ಪರದೇಶದ್ದು, ವಸ್ತುವು ನಮ್ಮ ಹಳೆಯ ಪಡಿಯೇ. ರೋಗವು ಇಳಿದ ಮೇಲೆ ಆ ಗಂಟುಗಳೂ ನಿಂತುಹೋದುವು. ಹಸಿವು ಮಾತ್ರ ರೋಗದೊಡನೆ ಹೋಗಲಿಲ್ಲ.

ಅದೂ ಹೊಟ್ಟೆಯ ಹಸಿವಿಗಿಂತ ರಕ್ತದ ಹಸಿವು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡ 65.5 ಮಂದಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಶೇಕಡ 47.8. ಅಕ್ಕಿಯ ಚೀಲವು ಮನೆಯಲ್ಲಿರುವಾಗಲೇ ಈ ಸ್ಥಿತಿ. ಡಾಕ್ಟರ್ ಕಾರ್ನಿಷರು 1877ರಲ್ಲಿ ಎತ್ತಿದ ಆಕ್ಷೇಪವು ಇನ್ನೂ ಉತ್ತರ ಕಾಣದೆ ಕುಳಿತಿದೆ.

ಇಲ್ಲಿ ನಮ್ಮವರಿಗೆ ಅಪ್ರಿಯವಾದ ಒಂದು ಮಾತನ್ನು ಆಡದೆ ಗತ್ಯಂತರವಿಲ್ಲ. 2021ರ ಡಿಸೆಂಬರಿನಲ್ಲಿ, ಅಪೌಷ್ಟಿಕತೆಯು ಹೆಚ್ಚಾಗಿದ್ದ ಉತ್ತರದ ಜಿಲ್ಲೆಗಳ ಶಾಲಾಮಕ್ಕಳಿಗೆ ಸರ್ಕಾರವು ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಯ ಹಣ್ಣನ್ನೂ ಕೊಡತೊಡಗಿದಾಗ ನಮ್ಮ ಸಮಾಜದ ಕೆಲವು ಮಠಗಳಿಂದ ಆಕ್ಷೇಪಣೆ ಹೊರಟಿತು. ಮಠದ ಅಡಿಗೆಯ ಮನೆಯಲ್ಲಿ ಮೊಟ್ಟೆಯು ಬೇಯುವುದಿಲ್ಲ, ಬೇಯಬೇಕಾದುದೂ ಇಲ್ಲ. ನನ್ನ ಆಚಾರವೂ ಅದೇ. ಆದರೆ ತಿನ್ನುವ ಮನೆಯ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರೆಂದು ಹೇಳುವವನು, ಅಷ್ಟೇ ಪುಷ್ಟಿಯುಳ್ಳ ಹಾಲನ್ನೋ ಬೇಳೆಯನ್ನೋ ಕಡಲೆಕಾಯಿಯನ್ನೋ ತನ್ನ ಉಗ್ರಾಣದಿಂದ ತಂದು ಆ ತಟ್ಟೆಯಲ್ಲಿ ಇಡಬೇಕು. ಬಾಳೆಯ ಹಣ್ಣು ಮೊಟ್ಟೆಗೆ ಸಮವಲ್ಲವೆಂಬುದು ಆಹಾರಶಾಸ್ತ್ರದ ಮೊದಲ ಪಾಠ. ಬರಿಯ ಬೇಡವೆನ್ನುವಿಕೆಗೆ ದಾಸೋಹವೆಂಬ ಹೆಸರು ಸಲ್ಲದು.

ಚೆಲ್ಲಿದ ಅಕ್ಕಿಯ ಮಾತನ್ನು ಮೊದಲೇ ಹೇಳಿದೆನಷ್ಟೆ. ಅಮೆರಿಕ ದೇಶದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು 1967ರಲ್ಲಿ ಆಹಾರ ಭಂಡಾರವೊಂದನ್ನು ತೆರೆದರು. ಅಂಥವುಗಳಲ್ಲಿ ಅದೇ ಲೋಕದಲ್ಲಿ ಮೊದಲನೆಯದೆಂದು ಪ್ರಸಿದ್ಧಿ. ಅವರಿಗೆ ಆ ಯೋಚನೆಯನ್ನು ಕೊಟ್ಟವಳು, ದೊಡ್ಡ ಅಂಗಡಿಗಳ ಕಸದ ತೊಟ್ಟಿಯಿಂದ ಒಳ್ಳೆಯ ಪದಾರ್ಥಗಳನ್ನು ಆಯ್ದು ತನ್ನ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ. ಹಣಕ್ಕೆ ಬ್ಯಾಂಕು ಇರುವಂತೆ ಆಹಾರಕ್ಕೂ ಒಂದಿರಬೇಕೆಂದು ಆಕೆ ಹೇಳಿದಳಂತೆ. ಆಯ್ದಕ್ಕಿಯ ಕಾಯಕವು ಎಂಟು ಶತಮಾನಗಳ ಬಳಿಕ ಬೇರೊಂದು ಖಂಡದಲ್ಲಿ ಮತ್ತೆ ಹುಟ್ಟಿತೆಂದು ನನಗೆ ತೋರುವುದು. ಬೆಂಗಳೂರಿನಲ್ಲಿ ಆಯ್ದುಕೊಳ್ಳಲು ಇರುವುದು ಕಡಮೆಯೇನಲ್ಲ. ಇಲ್ಲಿಯ ಕೃಷಿ ವಿಶ್ವವಿದ್ಯಾನಿಲಯದವರು 2012ರ ಸುಮಾರಿಗೆ ನಡೆಸಿದ ಸಮೀಕ್ಷೆಯಲ್ಲಿ, ನಗರದ ಮದುವೆಯ ಮನೆಗಳಲ್ಲಿಯೇ ವರ್ಷಕ್ಕೆ 943 ಟನ್ನಿನಷ್ಟು ಒಳ್ಳೆಯ ಆಹಾರವು ವ್ಯರ್ಥವಾಗುತ್ತಿದ್ದುದು ತಿಳಿದುಬಂದಿತು. ಬಿ.ಟಿ.ಎಂ. ಬಡಾವಣೆ, ಕೋರಮಂಗಲಗಳಲ್ಲಿ ಕೆಲವು ದಯಾಳುಗಳು ರಸ್ತೆಯ ಪಕ್ಕದಲ್ಲಿ ಸಾರ್ವಜನಿಕ ಶೀತಪೆಟ್ಟಿಗೆಗಳನ್ನು ಇರಿಸಿ, ಮಿಕ್ಕ ಆಹಾರವನ್ನು ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು ಎಂಬ ಏರ್ಪಾಡನ್ನು ಮಾಡಿದರು. ಅಲ್ಲಿ ತೆಗೆದುಕೊಳ್ಳುವವರ ಮುಖವನ್ನು ನೋಡುವವರೇ ಇಲ್ಲ. ನಮ್ಮ ಉಗ್ರಾಣಿಕರು ಇದ್ದಿದ್ದರೆ ಮೆಚ್ಚುತ್ತಿದ್ದರು.

ಸರ್ಕಾರದವರೂ ಈಚೆಗೆ ಈ ದಾರಿಗೆ ಬರುತ್ತಿರುವರು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿಯೂ ಉತ್ತರದ ಜಿಲ್ಲೆಗಳಿಗೆ ಜೋಳವೂ ಸೇರಿದುವು. 2025ರ ಅಕ್ಟೋಬರಿನಲ್ಲಿ ರಾಜ್ಯದ ಮಂತ್ರಿಮಂಡಲವು, ಅನ್ನಭಾಗ್ಯದಲ್ಲಿ ಹೆಚ್ಚುವರಿಯಾಗಿ ಕೊಡುತ್ತಿದ್ದ ಐದು ಕಿಲೋಗ್ರಾಮು ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳನ್ನು ಒಳಗೊಂಡ ಆಹಾರದ ಕಿಟ್ಟನ್ನು ಕೊಡಬೇಕೆಂದು ನಿಶ್ಚಯಿಸಿತು. ಅಕ್ಕಿಯನ್ನು ಕಡಮೆ ಮಾಡಿ ಬೇಳೆಯನ್ನು ಕೊಡುವುದು ಬುದ್ಧಿವಂತಿಕೆಯ ಕಾರ್ಯ. ಸಕ್ಕರೆಯ ಜಾಗದಲ್ಲಿ ಕಡಲೆಕಾಯಿಯಿದ್ದರೆ ಇನ್ನೂ ಉತ್ತಮವಾಗುತ್ತಿತ್ತೆಂದು ನನ್ನಂಥ ಹಳೆಯ ಕಾಲದವನ ಅಭಿಪ್ರಾಯ.

ಹುಳಿಮಾವಿನ ತಾಯಿಯವರ ಪ್ರಶ್ನೆಗೆ ಈಗ ನೇರವಾದ ಉತ್ತರ. ಉಗ್ರಾಣದಲ್ಲಿ ಅವರ ನೆರೆಯವರ ಪಾಲು ಉಂಟು. ಅದು ನಮ್ಮ ಧರ್ಮಕ್ಕೆ ಹೊಸದಲ್ಲ. ಮಹೋತ್ಸವದ ಪ್ರಯುಕ್ತ ಶ್ರೀಗಳವರ ಸನ್ನಿಧಿಗೆ ನಾನು ಒಪ್ಪಿಸಿರುವ ಅರಿಕೆಯು ಹೀಗಿದೆ. ಐದು ದಿನದ ಪಂಕ್ತಿಯಲ್ಲಿ ಎರಡು ಸಿಹಿಗಳಿದ್ದ ಕಡೆ ಒಂದು ಸಿಹಿಯನ್ನು ಬಿಡುವುದು. ಉಳಿದ ಹಣದಿಂದ ತಿಂಗಳಿಗೊಮ್ಮೆ, ಬಾಡಿಗೆಯ ಮನೆಗಳಲ್ಲಿರುವ ಚೀಟಿಯಿಲ್ಲದ ಕುಟುಂಬಗಳಿಗೆ, ಮತವನ್ನು ಕೇಳದೆ, ರಾಗಿ ಎಂಟು ಕಿಲೋಗ್ರಾಮು, ತೊಗರಿಯ ಬೇಳೆ ಎರಡು, ಹೆಸರುಕಾಳು ಇಲ್ಲವೆ ಹುರುಳಿ ಎರಡು, ಕಡಲೆಕಾಯಿ ಒಂದು, ಬೆಲ್ಲ ಒಂದು, ಎಣ್ಣೆ ಒಂದು ಲೀಟರು, ಉಪ್ಪು. ಇದರೊಡನೆ ವಾರಕ್ಕೊಮ್ಮೆ ಮಠದ ತೋಟದ ನುಗ್ಗೆ, ದಂಟು, ಕೀರೆಯ ಸೊಪ್ಪಿನ ಕಟ್ಟುಗಳು. ಹಂಚುವಾಗ ಛಾಯಾಚಿತ್ರ ತೆಗೆಯಿಸಕೂಡದು, ಗಂಟಿನ ಮೇಲೆ ದಾನಿಗಳ ಹೆಸರನ್ನು ಅಚ್ಚು ಹಾಕಿಸಕೂಡದು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಯಾವ ಶಿರೋನಾಮೆಯನ್ನು ಕೊಡಬೇಕೆಂದು ಕಚೇರಿಯವರು ಕೇಳಿದಾಗ, 'ಹಿಂಬಾಗಿಲು' ಎಂದು ಬರೆಯಿರೆಂದು ಹೇಳಿದೆನು.